ಗೋಡೆ ಮುಟ್ಟಿ ನೋಡುತ್ತಿದ್ದ ಮಹಿಬೂಬ್ ಚಾಚಾ

ಮಹಿಬೂಬ್ ಚಾಚಾ ಕಂಪ್ಯೂಟರ್ ರಿಪೇರಿಗೆ ಬಂದರೆ ಮೊದಲು ಕಂಪ್ಯೂಟರನ್ನು ಮುಟ್ಟುತ್ತಿರಲಿಲ್ಲ, ಅದರ ಹಿಂದಿನ ಗೋಡೆಯನ್ನು ಮುಟ್ಟುತ್ತಿದ್ದರು. ಅದೂ ಕಣ್ಣು ಮುಚ್ಚಿಕೊಂಡು. "ಗ್ವಾಡಿ ಬೆಚ್ಚಗದ. ಇದು ಬಿಟ್ಟ ಉಸರು ಇದಕ್ಕಽ ವಾಪಸ್ ಬರಾಕತ್ತದ," ಎನ್ನುತ್ತ ಟೇಬಲ್ಲನ್ನು ಒಂದು ಗೇಣು ಮುಂದಕ್ಕೆಳೆದರೆ ಅರ್ಧ ರೋಗ ಅಲ್ಲಿಗೇ ಹೋಗುತ್ತಿತ್ತು.

ಸುರಪುರದ ತಹಶೀಲ್ ಕಚೇರಿಯ ಎದುರು ನನ್ನದೊಂದು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಮೇಲೆ ತಗಡು, ಒಳಗೊಂದು ಪುಟ್ಟ ಕಂಪ್ಯೂಟರ್, ಅದರ ಮುಂದೆ ಸದಾ ಚಿಂತೆ ಮಾಡುವ ನಾನು. ಚಾಚಾ ಶಹಾಪುರದವರು. ಕೂಲರ್, ಪಂಪ್ ಮೋಟಾರು ರಿಪೇರಿ ಮಾಡಿಕೊಂಡಿದ್ದವರು, ಒಳಗೇನಿದೆ ಎಂಬ ಕುತೂಹಲ ತಡೆಯಲಾರದೆ ಕಂಪ್ಯೂಟರ್ ಬಿಚ್ಚಿ ಕಲಿತಿದ್ದರು.

ಒಂದು ಬೇಸಿಗೆ ನನ್ನ ಕಂಪ್ಯೂಟರ್ ಮಧ್ಯಾಹ್ನವಾದರೆ ತಾನಾಗಿ ಬಂದ್ ಆಗತೊಡಗಿತು. ನಾನು ಬೆವರುತ್ತ ಕೂತು, ಬೋರಿನ ನೀರು ತುಂಬಿದ ಕೂಲರನ್ನು ಅದರ ಕಡೆ ತಿರುಗಿಸಿದೆ. ಈ ತ್ಯಾಗದ ಫಲವಾಗಿ ಎರಡೇ ವಾರದಲ್ಲಿ ಅದು ಬೆಳಿಗ್ಗೆಯೂ ಬಂದ್ ಆಗತೊಡಗಿತು. ಚಾಚಾ ಬಿಚ್ಚಿ ಟಾರ್ಚು ಹಾಕಿದರು. ಫ್ಯಾನಿನ ರೆಕ್ಕೆಯ ತುಂಬ ಉಪ್ಪಿನ ಬಿಳಿ ಹಕ್ಕಳೆ.

"ಶರಣಪ್ಪೋರ, ಇದಕ್ಕ ಬೋರಿನ ನೀರಿನ ಜಳಕಾ ಮಾಡ್ಸಿರೇನು?"

"ತಂಪಿರ್ಲಿ ಅಂತ ಕೂಲರ್ ಹಚ್ಚಿದ್ದೆ, ಚಾಚಾ."

"ಹಸಿ ಗಾಳಿ, ಅದರಾಗ ಸವಳು ನೀರಿನ ಉಪ್ಪು, ಮ್ಯಾಲ ಎರಿ ಮಣ್ಣಿನ ಧೂಳು. ಒಳಗ ಗ್ವಾಡಿಗಿ ಮಾಡ್ದಂಗ ಗಿಲಾವ್ ಮಾಡೀರಲ್ರಿ! ಕೂಲರ್ ನೀವು ಹಚ್ಕೋರಿ. ಇದಕ್ಕ ತಂಪು ಬ್ಯಾಡ, ಬಿಸಿ ಹೊರಗ ಹೋಗಾಕ ದಾರಿ ಬೇಕು."

ಬಣ್ಣ ಬಳಿಯುವ ಸಣ್ಣ ಕುಂಚದಿಂದ ಒಂದೊಂದೇ ಸಂದು ಕೆರೆದರು. ನನಗೂ ಇಣುಕಲು ಹೇಳಿದರು. ನಾನು ಎರಡು ಹೆಜ್ಜೆ ಹಿಂದೆ ನಿಂತೇ ಇಣುಕಿದೆ. "ಅರೆ, ಕಡಿಯಂಗಿಲ್ಲ ಬರ್ರಿ! ಬಿಸಿ ಮಷೀನಿಗಿಂತ ನಿಮ್ಮ ತಲಿಗೇ ಜಾಸ್ತಿ ಅದ," ಎಂದು ನಕ್ಕರು. ಅಷ್ಟಾದರೂ ನಾನು ಕೈ ಹಾಕಲಿಲ್ಲ.

ಹೋದ ವರ್ಷ ನಾರಾಯಣಪುರದ ರೇಣುಕಾ ಎಂಬ ಹುಡುಗಿ ನರ್ಸಿಂಗ್ ಕಾಲೇಜಿನ ಅರ್ಜಿ ತುಂಬಿಸಲು ಕೊನೆಯ ದಿನ ಬಂದಳು. ಐದು ಗಂಟೆಗೆ ಗಡುವು. ಮೂರೂವರೆಯೊಳಗೆ ಕಂಪ್ಯೂಟರ್ ಎರಡು ಸಲ ಆರಿಹೋಯಿತು. ಪುಣ್ಯಕ್ಕೆ ಚಾಚಾ ಅಂದು ಸುರಪುರದಲ್ಲೇ ಇದ್ದರು, ಓಡಿಬಂದರು.

"ಹಿಂದಿನ ಫ್ಯಾನ್ ಸತ್ತದ. ಈ ಅಳತಿದು ನನ್ನ ಕಡಿ ಇಲ್ಲ," ಎಂದವರೇ ಡಬ್ಬಿಯ ಒಂದು ಮಗ್ಗುಲು ಬಿಚ್ಚಿ, ರಟ್ಟಿನ ತುಂಡೊಂದನ್ನು ಹಿಡಿದು ಕೂತರು. "ನೀವು ಬರೀರಿ, ನಾ ಬೀಸ್ತೀನಿ."

"ಚಾಚಾ, ನಾ ಬೀಸ್ಲೇನ್ರಿ?" ಎಂದಳು ರೇಣುಕಾ.

"ನೀ ನಿನ್ನ ಮಾರ್ಕ್ಸ್ ಬರೋಬರಿ ಹೇಳವ್ವ. ಇವ್ರು ಗಾಬರ್ಯಾಗ ಎಂಬತ್ತಕ್ಕ ಎಂಟು ಬರದಾರು!"

ನಲವತ್ತು ನಿಮಿಷ ಕೈ ಬದಲಿಸುತ್ತ ಬೀಸಿದರು. ಅರ್ಜಿ ಹೋಯಿತು, ರಸೀದಿ ಬಂತು. ಹುಡುಗಿ ಅದನ್ನು ಎರಡು ಸಲ ಓದಿದಳು. "ಯಾದಗಿರಿಯಿಂದ ಫ್ಯಾನ್ ತರಸ್ತೀನಿ. ಅಲ್ಲೀತನಕ ಮಗ್ಗಲು ಮುಚ್ಚಬ್ಯಾಡ್ರಿ," ಎಂದು ಭುಜ ತಿಕ್ಕಿಕೊಳ್ಳುತ್ತ ಚಾಚಾ ಬಸ್ ಹತ್ತಿದರು.

ವಾರದ ಮೇಲೆ ಸುದ್ದಿ ಬಂತು. ಎದೆನೋವಂತೆ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ತೀರಿಕೊಂಡಿದ್ದರು. ಶಹಾಪುರದ ಮನೆಗೆ ಹೋದಾಗ ಅವರ ಹೆಂಡತಿ, ನಾವೆಲ್ಲ ಚಾಚಿ ಎನ್ನುವವರು, ಒಂದು ಸಣ್ಣ ಪಾಕೀಟು ತಂದುಕೊಟ್ಟರು. "ನಿಮ್ದದ. ಕೊಡಾಕ ಹೊಂಟಿದ್ರು."

ಪಾಕೀಟಿನೊಳಗಿದ್ದ ಆ ಫ್ಯಾನು ಹದಿನೈದು ದಿನ ನನ್ನ ಮೇಜಿನ ಮೇಲೇ ಇತ್ತು. ಬೇರೆ ಯಾರನ್ನೋ ಕರೆಯಲು ಮನಸ್ಸಾಗಲಿಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಮುಚ್ಚಿ, ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುವುದನ್ನು ನೋಡಿ ನೋಡಿ, ಕೊನೆಗೊಂದು ದಿನ ನಾನೇ ಸ್ಕ್ರೂಡ್ರೈವರ್ ಹಿಡಿದೆ. ನಾಲ್ಕು ಸ್ಕ್ರೂ. ಫ್ಯಾನು ತಿರುಗಿತು! ಆ ಖುಷಿಯಲ್ಲಿ, ಅಭ್ಯಾಸಬಲದಿಂದ, ಚಾಚಾರ ನಂಬರು ಒತ್ತಿಬಿಟ್ಟಿದ್ದೆ. ಎತ್ತಿದವರು ಚಾಚಿ.

"ಚಾಚಿ, ಫ್ಯಾನ್ ನಾನಽ ಹಾಕ್ದೆ. ತಿರಗಾಕತ್ತದ," ಎಂದೆ.

"ಹಿಂದ ಕೈ ಹಿಡೀರಿ. ಗಾಳಿ ಬಡೀತದೇನು?"

ಹಿಡಿದೆ. "ಇಲ್ರಿ."

"ಹಂಗಾರ ಉಲ್ಟಾ ಹಾಕೀರಿ, ಬಿಸಿ ಹೊರಗ ಬರವಲ್ದು," ಎಂದರು ಚಾಚಿ. "ಬಂದ್ ಮಾಡಿ ಬಿಚ್ರಿ. ನಾ ಫೋನ್ ಹಿಡಕೊಂಡಿರ್ತೀನಿ."