ಮಾವನ ಆಲ್ ದ ಬೆಸ್ಟ್

ಲಕ್ವ ಹೊಡೆದ ಮೇಲೆ ಮಾವನ ಬಾಯಲ್ಲಿ ಉಳಿದದ್ದು ಇಂಗ್ಲಿಷ್ ಒಂದೇ. ಅದೂ ಎರಡೋ ಮೂರೋ ತುಂಡು. ಎರಡೋ ಮೂರೋ ಎಂಬುದು ನನಗೆ ಈಗಲೂ ಬಗೆಹರಿದಿಲ್ಲ. ಬಗೆಹರಿದಿದ್ದರೆ ಇದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ.

ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ಮೊದಲು ಭಟ್ಕಳದಲ್ಲಿ, ಆಮೇಲೆ ಹೊನ್ನಾವರದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ನಿವೃತ್ತನಾಗಿ ಕರ್ಕಿಯಲ್ಲಿ ನೆಲೆಸಿದ್ದ. ಶಾಲೆಯ ಗೇಟು ದಾಟಿದ ಮೇಲೆ ಅವನು ಇಂಗ್ಲಿಷ್ ಆಡುತ್ತಿರಲಿಲ್ಲ. ಅವನ ಹುಚ್ಚು ತಾಳಮದ್ದಲೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಕೂತಲ್ಲೇ ಅದಕ್ಕೆ ಮಾತು ಕಟ್ಟುತ್ತಾರೆ. ಅದನ್ನು ಅರ್ಥ ಹೇಳುವುದು ಎನ್ನುತ್ತೇವೆ. ಮಾವ ಅರ್ಥ ಹೇಳಿದವನಲ್ಲ, ಹೇಳಿದವರ ತಪ್ಪು ಹುಡುಕಿದವ. ಕೇಳಿ ಬಂದ ಮಾರನೆಯ ದಿನ ಯಾರು ಎಲ್ಲಿ ಎಡವಿದರು ಎಂದು ಅತ್ತೆಗೆ ವರದಿ ಒಪ್ಪಿಸುತ್ತಿದ್ದ. ಅತ್ತೆ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಊರಿನ ಹೆಂಗಸರು ಸೇರಿ ತಮ್ಮದೇ ತಂಡ ಕಟ್ಟಿದರು. ಯುದ್ಧಕ್ಕೆ ಹೊರಟ ಗಂಡನನ್ನು ಬೇಡವೆಂದು ತಡೆಯುವ ರಾಣಿಯ ಪಾತ್ರಕ್ಕೆ ಅತ್ತೆಯನ್ನು ಕರೆದರು. ಅತ್ತೆ ಮಾವನನ್ನು ಕೇಳಿದಳು. ಮಾವ "ನೋಡುವ" ಅಂದ. ನಮ್ಮ ಕಡೆ ನೋಡುವ ಎಂದರೆ ಹೌದಲ್ಲ, ಇಲ್ಲವೂ ಅಲ್ಲ. ಕೇಳಿದವರು ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಕೇಳಬೇಕು. ಅತ್ತೆ ಇನ್ನೊಮ್ಮೆ ಕೇಳುವ ಮೊದಲೇ ಮಾವ ಬಚ್ಚಲಲ್ಲಿ ಬಿದ್ದ.

ಆಗ ನಾನು ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಬಂದು ಕುಮಟೆಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಮಾವನನ್ನು ಕುಮಟೆಯ ಆಸ್ಪತ್ರೆಗೇ ತಂದಿದ್ದರು. ಡಾಕ್ಟರು ದಿನವೂ "ಇಂಪ್ರೂವ್‌ಮೆಂಟ್ ಇದೆ" ಅನ್ನುತ್ತಿದ್ದರು. ಎಷ್ಟು ಎಂದು ಕೇಳಿದರೆ "ಹೋಪ್ ಫಾರ್ ದ ಬೆಸ್ಟ್" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅಮ್ಮ ಅದನ್ನು ಹಾಗೆಯೇ ಫೋನಿನಲ್ಲಿ ನೆಂಟರಿಗೆ ದಾಟಿಸುತ್ತಿದ್ದಳು. ಕನ್ನಡದಲ್ಲಿ "ಗುಣ ಆಗ್ತು" ಎಂದು ಹೇಳಿದರೆ ಹೇಳಿದವರ ಮೇಲೆ ಭಾರ ಬೀಳುತ್ತದೆ. ಇಂಗ್ಲಿಷಿನಲ್ಲಿ ಹೇಳಿದ್ದು ಯಾರದ್ದೂ ಅಲ್ಲ.

ಮಾವ ಮನೆಗೆ ಬಂದ. ಒಂದು ಬೆಳಿಗ್ಗೆ ಹಾಲು ತಂದವನಿಗೆ, ಸ್ಪಷ್ಟವಾಗಿ, "ಆಲ್ ದ ಬೆಸ್ಟ್" ಅಂದ. ಅತ್ತೆ ಒಳಗಿಂದ ಓಡಿ ಬಂದಳಂತೆ. ಆ ದಿನವಿಡೀ ಮನೆಯಲ್ಲಿ ಹಬ್ಬ. ಸಂಜೆಯ ಹೊತ್ತಿಗೆ ಅವನು ಅದನ್ನೇ ಮಾತ್ರೆ ಕೊಟ್ಟವಳಿಗೂ ಬೆಕ್ಕಿಗೂ ಹೇಳಿದ್ದ. ನಡುನಡುವೆ "ಹೋಪ್ ಫಾರ್ ದ ಬೆಸ್ಟ್". ಸಾವಿನ ಮನೆಗೆ ಹೊರಟಿದ್ದ ಪಕ್ಕದ ಮನೆಯವರು ಮಾತಾಡಿಸಲು ಬಂದಾಗ ಅವರಿಗೂ ಆಲ್ ದ ಬೆಸ್ಟ್. ಅವರು ತಲೆಯಾಡಿಸಿ, "ಆತು ಮಾಸ್ತರೆ" ಎಂದು ಹೋದರು.

ಭಟ್ಕಳದಿಂದ ಹಳೆಯ ವಿದ್ಯಾರ್ಥಿಯೊಬ್ಬ ನೋಡಲು ಬಂದಿದ್ದ. ಮನೆಮಾತು ನವಾಯತಿ, ಬಟ್ಟೆ ಅಂಗಡಿ. ಮಾವ ಅವನ ಕೈ ಹಿಡಿದು ಆಲ್ ದ ಬೆಸ್ಟ್ ಅಂದದ್ದೇ ತಡ, ಅವನ ಕಣ್ಣಲ್ಲಿ ನೀರು. ಪರೀಕ್ಷೆಯ ದಿನ ಸರ್ ಬಾಗಿಲಲ್ಲಿ ನಿಂತು ಹೀಗೇ ಹೇಳಿ ಕಳಿಸುತ್ತಿದ್ದರು, ಗುರುತು ಹಿಡಿದರು ಎಂದ. ಬೆಕ್ಕಿನ ವಿಷಯ ನಾನು ಅವನಿಗೆ ಹೇಳಲಿಲ್ಲ.

ಅತ್ತೆಗೆ ಮಾತ್ರ ವಿವರಿಸಿದ್ದೆ. ಮಿದುಳಿನಲ್ಲಿ ಮಾತು ಕಟ್ಟುವ ಜಾಗ ಕೆಟ್ಟರೂ ಲಕ್ಷ ಸಲ ಆಡಿದ ಮಾತು ತಾನಾಗಿ ಹೊರಬರುತ್ತದೆ, ಅದಕ್ಕೆ ಅರ್ಥವಿರಬೇಕೆಂದಿಲ್ಲ, ಸೀನು ಬಂದ ಹಾಗೆ ಎಂದು.

"ನಂಗ ಶೀನಿದ್ರೂ ಶಕುನ ನೋಡ್ತ್ಯಲಾ, ಮಾಣಿ" ಎಂದಳು, ನಾವು ಸೀನಿಗೂ ಶಕುನ ನೋಡುವ ಜನವಲ್ಲವೇ ಎಂಬಂತೆ.

ತಂಡದವರು ಉತ್ತರಕ್ಕೆ ಕಾಯುತ್ತಿದ್ದರು. ಅತ್ತೆ ಹೋಗಬಹುದಿತ್ತು, ತಡೆಯುವವರು ಯಾರೂ ಇರಲಿಲ್ಲ. ಅವಳಿಗೆ ಬೇಕಾಗಿದ್ದುದು ಅದಲ್ಲ. ಜೀವನವಿಡೀ ಬೇರೆಯವರ ಅರ್ಥ ತೂಗಿದ ಮನುಷ್ಯ ತನ್ನನ್ನು ತಕ್ಕಡಿಗೆ ಹಾಕಲು ಒಪ್ಪಬೇಕಿತ್ತು. ಆ ಮನುಷ್ಯ ಒಳಗೆ ಇದ್ದಾನೋ ಇಲ್ಲವೋ ತಿಳಿಯಬೇಕಿತ್ತು. ಒಂದು ಮಧ್ಯಾಹ್ನ, ನಾನು ಎದುರಿಗಿರುವಾಗಲೇ, ಗಂಜಿಯ ಬಟ್ಟಲು ಕೆಳಗಿಟ್ಟು ಕೇಳಿದಳು.

"ಆನು ಅರ್ಥ ಹೇಳುಲೆ ಹೋಗ್ಲಾ?"

ಮಾವ ಅವಳನ್ನು ಬಹಳ ಹೊತ್ತು ನೋಡಿದ. ಆಮೇಲೆ "ಆಲ್ ದ ಬೆಸ್ಟ್" ಅಂದ. ಅತ್ತೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಹೌದು ಎಂದು ಹೇಳು ಎಂಬಂತೆ ನೋಡಿದಳು. ನಾನು ಮಾವನ ಗಲ್ಲ ಒರೆಸಿದೆ.

ಅವಳು ಹೋದಳು. ತಾಳಮದ್ದಲೆ ದೇವಸ್ಥಾನದ ಜಗಲಿಯಲ್ಲಿ, ಹಗಲು ಹೊತ್ತಿನಲ್ಲಿ. ಮಾವನನ್ನು ರಿಕ್ಷಾದಲ್ಲಿ ಕರೆತಂದು ಕುರ್ಚಿಯಲ್ಲಿ ಕೂರಿಸಿ ಜಾರದ ಹಾಗೆ ಪಂಚೆಯಿಂದ ಕಟ್ಟಿದ್ದೆವು. ಕುರ್ಚಿ ಮುಂದಿನ ಸಾಲಿನಲ್ಲಿತ್ತೆಂದು ನನ್ನ ನೆನಪು. ಕಂಬದ ಮರೆಯಲ್ಲಿತ್ತು ಎಂದು ಅತ್ತೆಯ ಮಗಳು ಹೇಳುತ್ತಾಳೆ. ಅತ್ತೆ ಚೆನ್ನಾಗಿಯೇ ಶುರು ಮಾಡಿದಳು. ಮೂರನೆಯ ಪದ್ಯಕ್ಕೆ ಬಂದಾಗ ರಾಣಿ ಗಂಡನನ್ನು ತಡೆಯಬೇಕು. ಅತ್ತೆ ತಡೆಯಲಿಲ್ಲ. ಹೋಗಿಬನ್ನಿ, ನಿಮಗೆ ಒಳ್ಳೆಯದಾಗಲಿ ಎಂದು ಹರಸಿಬಿಟ್ಟಳು. ಎದುರು ರಾಜನ ಪಾತ್ರದಲ್ಲಿದ್ದ ಊರ ಶಾಲೆಯ ಟೀಚರಮ್ಮನಿಗೆ ವಾದಿಸಲು ಏನೂ ಉಳಿಯಲಿಲ್ಲ. ಅವರು ತಡವರಿಸುತ್ತಿದ್ದಂತೆ ಭಾಗವತರು ನಕ್ಕು ಮುಂದಿನ ಪದ್ಯ ಎತ್ತಿಕೊಂಡರು.

ಮುಗಿದ ಮೇಲೆ ಎಲ್ಲರೂ ಚೆನ್ನಾಗಿತ್ತು ಎಂದರು. ಅತ್ತೆ ನೇರ ಮಾವನ ಎದುರು ಬಂದು ನಿಂತಳು. ಮಾವನ ತುಟಿ ಎರಡು ಸಲ ಅಲುಗಿತು.

"ಬೆಟರ್ ಲಕ್ ನೆಕ್ಸ್ಟ್ ಟೈಮ್" ಅಂದ.

ಸುತ್ತ ಇದ್ದವರು ನಕ್ಕರು. ಅತ್ತೆ ನಗಲಿಲ್ಲ. ನನ್ನ ತೋಳು ಹಿಡಿದುಕೊಂಡಳು.

"ಕೇಳಿದ್ಯಾ? ಎನ್ನ ಫೇಲ್ ಮಾಡ್ದ." ಅಷ್ಟು ಖುಷಿಯಲ್ಲಿ ಅವಳನ್ನು ನಾನು ಮತ್ತೆ ನೋಡಿಲ್ಲ. ಆಮೇಲೆ ಕೇಳಿದಳು, "ಆ ಮಾತು ಇದ್ಕಿಂತ ಮೊದ್ಲು ಯಾರಿಗಾರೂ ಹೇಳಿದ್ದು ನಿಂಗೆ ನೆನಪಿದ್ದಾ?"

"ಇಲ್ಲೆ" ಅಂದೆ. ಆ ಹೊತ್ತಿಗೆ ನೆನಪಿರಲಿಲ್ಲ.

ವರ್ಷಗಳ ಮೇಲೆ ಕುಮಟೆಯಲ್ಲಿ ಬಸ್ಸಿಗೆ ಕಾಯುವಾಗ ತಟ್ಟನೆ ಒಂದು ಚಿತ್ರ ಬಂತು: ಕರೆಂಟಿನ ಮೀಟರು ನೋಡಲು ಬಂದವನು ಏಣಿ ಸಿಗದೆ ವಾಪಸು ಹೊರಟಿದ್ದಾನೆ, ಜಗಲಿಯಿಂದ ಮಾವ "ಬೆಟರ್ ಲಕ್" ಎನ್ನುತ್ತಿದ್ದಾನೆ. ಇದು ನಡೆದದ್ದೇ? ತಾಳಮದ್ದಲೆಯ ಮೊದಲೋ, ಆಮೇಲೋ? ಆ ಮನೆಯಲ್ಲಿ ಮೀಟರು ಏಣಿ ಬೇಕಾಗುವಷ್ಟು ಎತ್ತರದಲ್ಲಿ ಇರಲೂ ಇಲ್ಲ ಅನ್ನಿಸುತ್ತದೆ. ಮೊದಲು ನಡೆದಿದ್ದರೆ ಅತ್ತೆಗೆ ಸಿಕ್ಕಿದ್ದು ಸೀನು. ಆಮೇಲಾದರೆ ಏನೆಂದು ನನಗೆ ಗೊತ್ತಿಲ್ಲ.

ಗೊತ್ತಿರುವುದು ತಾಳಮದ್ದಲೆಯ ಮರುದಿನದ್ದು. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಮಾವನ ಕುರ್ಚಿಯ ಎದುರು ನೆಲದ ಮೇಲೆ ಕೂತಿದ್ದಳು. ಮೂರನೆಯ ಪದ್ಯವನ್ನು ತಾನೇ ಸಣ್ಣಗೆ ಹಾಡಿ ಅರ್ಥ ಹೇಳತೊಡಗಿದಳು. ಈ ಸಲ ರಾಣಿ ಬಾಗಿಲಿಗೆ ಅಡ್ಡ ನಿಂತಳು, ಸಿಟ್ಟು ಮಾಡಿದಳು, ಹೋಗಕೂಡದು ಅಂದಳು. ಮುಗಿಸಿ ತಲೆಯೆತ್ತಿ ಕಾದಳು.

ಮಾವ ಏನೂ ಹೇಳಲಿಲ್ಲ. ಅತ್ತೆ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡಳು.