ಟ್ಯಾಂಕಿನ ಹಿಂದಿನ ಡಿಶ್

ನಮ್ಮ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಹಿಂದೆ ಒಂದು ಡಿಶ್ ಇದೆ. ರಸ್ತೆಯಲ್ಲಿ ನಿಂತು ನೋಡಿದರೆ ಕಾಣುವುದಿಲ್ಲ. ಕಾಣಬಾರದೆಂದೇ ಅಲ್ಲಿ ಹಾಕಿಸಿದ್ದು. ಈಗ ಅದಕ್ಕೆ ವೈರಿಲ್ಲ, ಅಂಚಿಗೆಲ್ಲ ತುಕ್ಕು ಹಿಡಿದಿದೆ. ಆದರೂ ಇಳಿಸಲು ನನಗೆ ಮುಖವಿಲ್ಲ. ಬೆಳಿಗ್ಗೆ ನೀರು ತುಂಬಿದೆಯೇ ಎಂದು ನೋಡಲು ಮೇಲೆ ಹೋದಾಗ ಆ ಕಡೆ ಕಣ್ಣು ಹಾಯಿಸದೆ ಇಳಿದು ಬರಲು ನೋಡುತ್ತೇನೆ.

ನಾನು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದುಡಿದು ನಿವೃತ್ತನಾದವನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಮಾಡಿದವನ ಜನ್ಮ ಜಾಲಾಡುತ್ತಿದ್ದೆ. ಆ ಗುಣ ಗೇಟಿನ ಒಳಗೇ ಉಳಿಯಲಿಲ್ಲ, ಮನೆಗೂ ಬಂತು. ಮನೆ ಇರುವುದು ಪೀಣ್ಯದ ಹಿಂಭಾಗದಲ್ಲಿ, ನಮ್ಮ ಕಾರ್ಖಾನೆಯವರ ಸಂಘ ಹಂಚಿದ ಸೈಟಿನಲ್ಲಿ. ರಸ್ತೆಯಲ್ಲಿ ಹೆಚ್ಚಿನವರು ನನ್ನ ಜೊತೆಗೇ ಹೂಟರ್ ಕೇಳಿ ಶಿಫ್ಟಿಗೆ ಓಡಿದವರು. ಸಂಘದ ಓಡಾಟವನ್ನೆಲ್ಲ ನಾನೇ ಮೈಮೇಲೆ ಎಳೆದುಕೊಂಡಿದ್ದರಿಂದ, ಬೋರ್‌ವೆಲ್ ಇರಲಿ, ಗೇಟಿನ ಬಣ್ಣವಿರಲಿ, ಮೊದಲು ನಮ್ಮ ಮನೆಯಲ್ಲಿ ಏನಾಯಿತೆಂದು ನೋಡಿ ಆಮೇಲೆ ತಾವು ಮಾಡುವುದು ಅವರ ರೂಢಿ. ಇದು ನನಗೆ ಬಹಳ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಲೇಔಟ್ ಆಗುವ ಮುಂಚೆ ಇದೆಲ್ಲ ಪಕ್ಕದ ಹಳ್ಳಿಯವರ ರಾಗಿ ಹೊಲ. ಆ ಹಳ್ಳಿಯ ಮನೆಯೊಂದರ ಮಗನೇ ನಮ್ಮ ರಸ್ತೆಗೆಲ್ಲ ಕೇಬಲ್ ಕೊಟ್ಟವನು. ತನ್ನ ಮನೆಯ ಮಾಳಿಗೆಯ ಮೇಲೆ ಕಂಟ್ರೋಲ್ ರೂಮ್ ಕಟ್ಟಿಕೊಂಡಿದ್ದ. ಮೊದಲ ಸಲ ವೈರು ಎಳೆಯಲು ಬಂದಾಗ ನಮ್ಮ ನಡುಮನೆಯಲ್ಲಿ ನಿಂತು ಸುತ್ತಲೂ ನೋಡಿ, "ಸಾರ್, ನೀವು ಸೋಫಾ ಆಕಿರೋದು ನಮ್ಮ ಕಣದ ಮೇಲೆ. ಇಲ್ಲೇ ರಾಗಿ ತುಳಿಸ್ತಿದ್ವಿ" ಎಂದು ನಕ್ಕಿದ್ದ. ನಾನೂ ನಕ್ಕಿದ್ದೆ. ಬೇರೆ ಏನು ಮಾಡಬೇಕೆಂದು ತೋಚಿರಲಿಲ್ಲ.

ಅವನದೇ ಒಂದು ಲೋಕಲ್ ಚಾನೆಲ್ ಇತ್ತು, ಈಗಲೂ ಇದೆ. ಮಧ್ಯಾಹ್ನ ಅದರಲ್ಲಿ ಹಳೆಯ ಕನ್ನಡ ಸಿನಿಮಾ ಬರುತ್ತದೆ, ಕೆಳಗೆ ಬಟ್ಟೆ ಅಂಗಡಿಯ, ಟ್ಯೂಷನ್ನಿನ ಜಾಹೀರಾತು ಓಡುತ್ತದೆ. ಯಾವ ಸಿನಿಮಾ ಎನ್ನುವುದನ್ನು ಎಷ್ಟೋ ದಿನ ನಿರ್ಧರಿಸುತ್ತಿದ್ದವಳು ನನ್ನ ತಾಯಿ. ಊಟ ಮುಗಿಸಿ ಫೋನು ಹಚ್ಚುವಳು. "ಏನಪ್ಪಾ, ಊಟ ಆಯ್ತಾ? ಇವತ್ತು ಒಂದು ದೇವರ ಪಿಚ್ಚರ್ ಹಾಕ್ತೀಯಾ?" ಆ ಕಡೆಯಿಂದ "ಆಕ್ತೀನಿ ಅಜ್ಜಿ, ಒಸಿ ಒತ್ತು ತಡೀರಿ" ಎನ್ನುವ ದನಿ ನನಗೂ ಕೇಳುತ್ತಿತ್ತು. ಹೀಗೆ ನಮ್ಮಮ್ಮನಿಗೆ ಬೇಕಾದ ಸಿನಿಮಾವನ್ನು ಇಡೀ ಬಡಾವಣೆ ನೋಡುತ್ತಿತ್ತು.

ಮಗಳ ಮದುವೆಯಾದ ವರ್ಷ, ಅಳಿಯನ ಮೊದಲ ದೀಪಾವಳಿಗೆಂದು ದೊಡ್ಡ ಟಿವಿ ತಂದೆ. ಎಚ್‌ಡಿ ಟಿವಿ. ಅಳಿಯಂದಿರು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರು, ಅವರ ಮನೆಯಲ್ಲಿ ಗೋಡೆಯಷ್ಟು ಟಿವಿ ಇತ್ತು, ಅದರಲ್ಲಿ ಕ್ರಿಕೆಟ್ಟಿನ ಹುಲ್ಲು ಒಂದೊಂದಾಗಿ ಕಾಣುತ್ತಿತ್ತು. ನಮ್ಮದನ್ನು ಗೋಡೆಗೆ ಹಾಕಿಸಿ ಆನ್ ಮಾಡಿದರೆ, ಹಳೆಯ ಡಬ್ಬವೇ ವಾಸಿಯಾಗಿತ್ತು ಅನ್ನಿಸಿತು. ಚಿತ್ರ ಹಿಗ್ಗಿ, ವಾರ್ತೆ ಓದುವವಳ ಮುಖ ನೀರು ಹೆಚ್ಚಾದ ಮುದ್ದೆಯಂತೆ ಹರಡಿಕೊಂಡಿತ್ತು. ಟಿವಿಯಲ್ಲಿ ದೋಷವಿರಲಿಲ್ಲ. ಕೇಬಲ್ಲಿನಲ್ಲಿ ಎಚ್‌ಡಿ ಇನ್ನೂ ಬಂದಿರಲಿಲ್ಲ, ಅಷ್ಟೇ.

ಕೇಬಲ್ಲಿನವನನ್ನು ಕರೆಸಿ ತೋರಿಸಿದೆ. ಟಿವಿಯನ್ನು ಕಂಡು ನನಗಿಂತ ಹೆಚ್ಚು ಹಿಗ್ಗಿದ.

"ಎಚ್‌ಡಿ ಬತ್ತದೆ ಸಾರ್. ಅದ್ರ ಮಿಷನ್‌ಗೆ ಏಳಿ ಕಳ್ಸಿದೀನಿ. ಅಬ್ಬದೊಳಗೆ ಮಾಡ್ತೀನಿ."

"ಮಾಡಲೇಬೇಕಪ್ಪ. ರಸ್ತೇಲಿ ಒಬ್ಬೊಬ್ರೇ ಡಿಶ್ ಹಾಕಿಸ್ಕೊಳ್ತಿದಾರೆ."

ಅವನ ಮುಖ ಸ್ವಲ್ಪ ಇಳಿಯಿತು. "ಗೊತ್ತು ಸಾರ್. ನೀವು ಒಬ್ರು ನಿಂತ್ರೆ ಮಿಕ್ಕೋರು ನಿಲ್ತಾರೆ. ನೀವೂ ಓದ್ರೆ ಈ ರೋಡೇ ಓಯ್ತು ಅಂತ ಲೆಕ್ಕ. ಆಮೇಲೆ ಮಿಷನ್ ತಂದು ನಾನೇನು ಮಾಡ್ಲಿ?"

"ನಾನ್ಯಾಕೆ ಹೋಗ್ಲಿ? ನೀನು ಕೊಡೋವರೆಗೂ ಕಾಯ್ತೀನಿ. ನನ್ನ ಮಾತು ಅಂದ್ರೆ ಮಾತು" ಎಂದೆ. ಯಾರೂ ಆಣೆ ಕೇಳಿರಲಿಲ್ಲ. ಹೇಳಿದ ಮೇಲೆ ಎದೆ ಒಂದಿಷ್ಟು ಉಬ್ಬಿತು ಕೂಡ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಎದುರು ಮನೆಯವರು, ನನ್ನ ಹಳೆಯ ಸಹೋದ್ಯೋಗಿ, ಡಿಶ್ಶಿನವನಿಗೆ ಬರಹೇಳಿದ್ದಾರೆಂದು ತಿಳಿದಾಗ ಹಾಲಿನ ಬೂತಿನ ಮುಂದೆ ಅವರನ್ನು ನಿಲ್ಲಿಸಿಕೊಂಡು ಉಪದೇಶ ಮಾಡಿದೆ. "ಒಂದು ಚಿತ್ರಕ್ಕೋಸ್ಕರ ಇಷ್ಟು ವರ್ಷದ ಹುಡುಗನ್ನ ಬಿಡೋದಾ? ಹೊಲ ಕಳ್ಕೊಂಡೋರು ಕಣ್ರೀ ಅವರು. ನಾನು ಕಾಯ್ತಿಲ್ವಾ?" ಅವರು ಪಾಪ ಡಿಶ್ಶಿನವನನ್ನು ಬೇಡವೆಂದರು.

ಹಬ್ಬ ಹತ್ತಿರ ಬಂತು, ಎಚ್‌ಡಿ ಬರಲಿಲ್ಲ. ಸಿಕ್ಕಿದಲ್ಲೆಲ್ಲ ಅವನನ್ನು ನಿಲ್ಲಿಸಿ ಕೇಳುತ್ತಿದ್ದೆ. ದೇವಸ್ಥಾನದ ಪ್ರದಕ್ಷಿಣೆಯಲ್ಲೂ ಬಿಡಲಿಲ್ಲ. "ಈ ವಾರ ಸಾರ್" ಎನ್ನುವನು, ಆ ವಾರ ಹೋಗುವುದು. ಅಷ್ಟರಲ್ಲಿ ಮಗಳು ಫೋನು ಮಾಡಿ, ಹಬ್ಬದ ದಿನವೇ ಮ್ಯಾಚ್ ಇದೆ, ಇವರಿಗೆ ಮ್ಯಾಚ್ ಎಂದರೆ ಪ್ರಾಣ ಎಂದಳು. ನನ್ನ ಹೆಂಡತಿ ಫೋನಿಟ್ಟು ಆ ನೀರು ಮುದ್ದೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು.

"ಮೊದಲ ಹಬ್ಬ. ಬೀಗರ ಮನೇಲಿ ಏನಂದ್ಕೋತಾರೆ?"

ಅವತ್ತೇ ಡಿಶ್ಶಿನವರಿಗೆ ಹೇಳಿದೆ. ಕೇಬಲ್ಲಿನವನಿಗೆ ಒಂದು ಮಾತು ಹೇಳಿ ಹಾಕಿಸಬಹುದಿತ್ತು. "ಹಬ್ಬಕ್ಕೆ ಅಳಿಯ ಬರ್ತಾರಪ್ಪ, ಬೇಜಾರಾಗಬೇಡ" ಎಂದರೆ ಮುಗಿಯುತ್ತಿತ್ತು. ಬಾಯಿ ಬರಲಿಲ್ಲ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರಲ್ಲ, ನಾನು ಆ ಸ್ಥಿತಿಗೆ ನನ್ನ ಕೈಯಾರೆ ಬಂದಿದ್ದೆ. ಅವನ ಕೇಬಲ್ಲನ್ನೂ ತೆಗೆಸಲಿಲ್ಲ, ಡಿಶ್ಶನ್ನೂ ಬಿಡಲಿಲ್ಲ.

ಡಿಶ್ ಕೂರಿಸಲು ಬಂದ ಹುಡುಗನಿಗೆ ನಾನು ಹಾಕಿದ ಷರತ್ತು ಒಂದೇ, ರಸ್ತೆಗೆ ಕಾಣಬಾರದು. ಅವನು ವಿಚಿತ್ರವಾಗಿ ನೋಡಿದ. ಟ್ಯಾಂಕಿನ ಹಿಂದೆ ಹೋಗಿ ಆಗ್ನೇಯಕ್ಕೆ ಕೈ ಚಾಚಿ, "ಇಲ್ಲಿ ಸೂಪರ್ ಆಗಿ ಸಿಗುತ್ತೆ ಸಾರ್. ಹಳ್ಳಿ ಕಡೆ ಮನೆಗಳೆಲ್ಲ ತಗ್ಗು. ಏನೇನೂ ಅಡ್ಡ ಇಲ್ಲ" ಎಂದ. ನನಗೆ ಸಮಾಧಾನವಾಯಿತು. ಕೆಳಗೆ ಬಂದು ಗೇಟಿನ ಹೊರಗೆ ನಿಂತು, ಆ ಬದಿಯಿಂದ ಈ ಬದಿಯವರೆಗೆ ನಡೆದು ಪರೀಕ್ಷಿಸಿದೆ. ಡಿಶ್ಶಿನ ಒಂದಂಚೂ ಕಾಣಲಿಲ್ಲ.

ಹಬ್ಬದ ದಿನ ಚಿತ್ರ ಅದ್ಭುತವಾಗಿ ಬಂತು. ಅಳಿಯಂದಿರು ಎಣ್ಣೆಸ್ನಾನ ಮಾಡಿ, ಹೋಳಿಗೆ ಊಟ ಮಾಡಿ, ಸೋಫಾದಲ್ಲಿ ಒರಗಿಕೊಂಡು ಮ್ಯಾಚ್ ನೋಡಿದರು, ತಮ್ಮ ಫೋನಿನಲ್ಲಿ. ಎದುರಿಗೆ ಗೋಡೆಯ ಮೇಲೆ ಅದೇ ಮ್ಯಾಚ್ ನಡೆಯುತ್ತಿತ್ತು. ಫೋನಿನಲ್ಲಿ ಗೆಳೆಯರ ಜೊತೆ ಮಾತಾಡುತ್ತ ನೋಡಬಹುದಂತೆ. ನಾನೊಬ್ಬನೇ ಹುಲ್ಲು ಎಣಿಸುತ್ತ ಕುಳಿತೆ.

ಅಲ್ಲಿಂದ ಮುಂದೆ ಮನೆಯಲ್ಲಿ ಕಳ್ಳತನದ ಸಂಸಾರ ಶುರುವಾಯಿತು. ಡಿಶ್ಶಿನ ಬಾಕ್ಸ್ ಟಿವಿಯ ಕೆಳಗಿನ ಹಲಗೆಯ ಮೇಲಿತ್ತು. ಕೇಬಲ್ಲಿನವನ ಬೈಕಿನ ಸದ್ದು ಕೇಳಿದ ಕೂಡಲೇ ನನ್ನ ಹೆಂಡತಿ ಅದರ ಮೇಲೆ ಕ್ರೋಷಾ ಬಟ್ಟೆ ಹೊದೆಸಿ, ಬಟ್ಟೆ ಜಾರದಂತೆ ಒಂದು ಪುಟ್ಟ ಗಣೇಶನನ್ನು ಕೂರಿಸುವಳು. ನಾನು ರಿಮೋಟಿನಿಂದ ಕೇಬಲ್ಲಿಗೆ ಬದಲಾಯಿಸುವೆ. ಅವನು ಬಂದು ಆ ಹರಡಿದ ಚಿತ್ರ ನೋಡಿ, "ಇನ್ನು ಸ್ವಲ್ಪ ದಿನ ಸಾರ್, ಕ್ಷಮ್ಸಿ" ಎನ್ನುವನು. ಕ್ಷಮಿಸಿ ಎನ್ನುತ್ತಿದ್ದವನು ಅವನು. ನಾನು "ಪರವಾಗಿಲ್ಲಪ್ಪ, ಕಾಯ್ತೀವಿ" ಎನ್ನುತ್ತಿದ್ದೆ. ಹೆಂಡತಿ ಒಳಗೆ ಹೋಗಿ ಕಾಫಿ ಮಾಡುವಳು, ಅವನ ಮುಖ ನೋಡಲಾರದೆ.

ಒಂದು ಮಧ್ಯಾಹ್ನ ನಾನು ಡಿಶ್ಶಿನಲ್ಲಿ ಏನೋ ನೋಡುತ್ತ ಹಾಗೇ ಕಣ್ಣು ಮುಚ್ಚಿದ್ದೆ. ಅಮ್ಮ ಸಿನಿಮಾಕ್ಕೆ ಹೇಳಿಟ್ಟು ಬಂದು ಕೂತಿದ್ದಾಳೆ, ಸಿನಿಮಾ ಬರುತ್ತಿಲ್ಲ. ಅವನಿಗೇ ಮತ್ತೆ ಫೋನು ಮಾಡಿದ್ದಾಳೆ. "ನೀನು ಹಾಕಿದೀನಿ ಅಂತೀಯ, ಇಲ್ಲಿ ಯಾರೋ ಕಾಡಲ್ಲಿ ಹುಲಿ ತೋರಿಸ್ತಿದಾನಲ್ಲಪ್ಪ" ಎನ್ನುವ ಮಾತು ಕಿವಿಗೆ ಬಿದ್ದು ಧಡಕ್ಕನೆ ಎದ್ದೆ. ಫೋನು ಕಸಿದುಕೊಂಡು, "ಕರೆಂಟಿಲ್ಲಪ್ಪ" ಎಂದುಬಿಟ್ಟೆ.

"ಕರೆಂಟಿಲ್ದೆ ಉಲಿ ಎಂಗ್ ಬಂತು ಸಾರ್?"

ನಾನು ರಿಮೋಟಿಗಾಗಿ ತಡಕಾಡಿದೆ. ಅವನೇ, "ವೈರು ಲೂಸಾಗಿರ್ಬೇಕು. ಬಂದು ಮೇಲೆ ಓಗಿ ನೋಡ್ಲಾ?" ಎಂದ.

"ಬೇಡ ಬೇಡ, ಟ್ಯಾಂಕಿನ ಸುತ್ತ ಪಾಚಿ ಕಟ್ಟಿದೆ. ಜಾರಿ ಬಿದ್ದೀಯ."

ಅವನು, "ಆಯ್ತು ಸಾರ್. ಉಷಾರು, ನೀವೂ ಜಾರ್ಬೇಡಿ" ಎಂದು ಫೋನಿಟ್ಟ. ಅಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. "ಈ ವಯಸ್ಸಲ್ಲಿ ಸುಳ್ಳು ಹೇಳೋದು ಕಲಿತ್ಯಲ್ಲೋ" ಎಂದಳು. ನನಗೆ ಮೊಮ್ಮಕ್ಕಳಾಗುವ ವಯಸ್ಸು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಬೈಕಿನ ಸದ್ದಿಲ್ಲದೆ ಬಾಗಿಲು ಬಡಿದ ಸದ್ದಾಯಿತು. ನಡೆದು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಕುಂಕುಮ. ಕೈಯಲ್ಲಿ ಹೊಸ ಬಾಕ್ಸ್, ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಒಂದು ಸೇವಂತಿಗೆ ಹೂ ಸಿಕ್ಕಿಸಿದ್ದ.

"ಎಚ್‌ಡಿ ಬಂತು ಸಾರ್. ಮೊದಲನೇ ಬಾಕ್ಸು ನಿಮ್ಮನೇಗೇ. ಅಜ್ಜಿ ಕೈಲಿ ಆನ್ ಮಾಡಿಸ್ತೀನಿ ಅಂತ ಅಂದ್ಕೊಂಡಿದ್ದೆ."

ಬಟ್ಟೆ ಹೊದೆಸಲು ಸಮಯವೇ ಸಿಗಲಿಲ್ಲ. ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ಗಣೇಶನನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟಳು. ಹಲಗೆಯ ಮೇಲೆ ಡಿಶ್ಶಿನ ಬಾಕ್ಸ್ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಅವನು ಅದನ್ನು ನೋಡಿದ, ನೋಡದವನಂತೆ ತನ್ನ ಬಾಕ್ಸನ್ನು ಪಕ್ಕದಲ್ಲಿಟ್ಟ. ಟಿವಿಯ ಹಿಂದೆ ಕೈ ಹಾಕಿದ. ಅಲ್ಲಿ ಒಂದು ವೈರು ಆಗಲೇ ಕೂತಿತ್ತು. ಕೈ ಒಂದು ಗಳಿಗೆ ನಿಂತಿತು, ಮತ್ತೆ ಆಡಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಬಂದದ್ದು ಕೆಮ್ಮು.

ಅಮ್ಮ ಹೊಸ ರಿಮೋಟನ್ನು ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದಳು. ಚಿತ್ರ ಬಂತು, ಡಿಶ್ಶಿನದಷ್ಟೇ ಚೆನ್ನಾಗಿ. ಅಮ್ಮ, "ಎಷ್ಟು ಚೊಕ್ಕವಾಗಿದೆಯಪ್ಪ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದಳು. ಅವನು ಬಗ್ಗಿ ಅವಳ ಕಾಲು ಮುಟ್ಟಿದ.

ಗೇಟಿನವರೆಗೆ ಕಳಿಸಲು ಹೋದೆ. ಅವನು ಮೆಲ್ಲಗೆ ಹೇಳಿದ.

"ಟಿವಿ ಇಂದ್ಗಡೆ ಎರಡ್ನೇ ಪಾಯಿಂಟ್‌ಗೆ ಆಕಿದೀನಿ ಸಾರ್. ಒಂದ್ನೇದನ್ನ ಮುಟ್ಟಿಲ್ಲ. ಅಳಿಯಂದ್ರು ಬಂದಾಗ ನಿಮ್ಗೆ ಯಾವ್ದು ಬೇಕೋ ಅದನ್ನ ಇಟ್ಕಳಿ."

"ನಿನಗೆ ಗೊತ್ತಿತ್ತಾ?"

"ನಮ್ಮನೆ ಮಾಳಿಗೆ ಮೇಲೆ ನಿಂತ್ರೆ ಕಾಣೋದೇ ನಿಮ್ಮ ಟ್ಯಾಂಕಿನ ಇಂದ್ಗಡೆ ಸಾರ್. ಆಕ್ಸೋ ದಿನಾನೇ ನೋಡ್ದೆ."

ನಾನು ತಿರುಗಿ ನೋಡಿದೆ. ಅವನ ಮನೆಗೆ ಹೋಗಬೇಕಾದರೆ ಮುಖ್ಯರಸ್ತೆಯಿಂದ ಸುತ್ತಿ ಬರಬೇಕು, ಹಾಗಾಗಿ ಅದು ದೂರವೆಂದೇ ನನ್ನ ಮನಸ್ಸಿನಲ್ಲಿತ್ತು. ನೇರಕ್ಕೆ ನೋಡಿದರೆ ನಮ್ಮ ಹಿತ್ತಲಾಚೆಯೇ ಹಳ್ಳಿ. ಡಿಶ್ಶಿಗೆ ಅಡ್ಡವಿಲ್ಲ ಎಂದರೆ ಕಣ್ಣಿಗೂ ಅಡ್ಡವಿಲ್ಲ. ಅಳತೆಯಲ್ಲೇ ಜೀವನ ಕಳೆದವನಿಗೆ ಅಷ್ಟು ಹೊಳೆದಿರಲಿಲ್ಲ. ಮನೆ ಕಟ್ಟಿದಂದಿನಿಂದ ನಾನು ರಸ್ತೆಯ ಕಡೆಗೇ ಮುಖ ಮಾಡಿ ನಿಂತವನು, ಹಿಂದೆ ಯಾರಿದ್ದಾರೆಂದು ನೋಡಿದವನಲ್ಲ.

"ಇವತ್ತೇ ಇಳಿಸಿಬಿಡ್ತೀನಪ್ಪ" ಎಂದೆ.

ಅವನು ಗಾಬರಿಯಿಂದ ಕೈ ಅಡ್ಡ ಹಿಡಿದ. "ಅಂಗ್ ಮಾಡ್ಬೇಡಿ. ಇಳಿಸಿದ್ರೆ ರೋಡಲ್ಲೇ ತಗೊಂಡೋಗ್ಬೇಕು, ಎಲ್ರೂ ನೋಡ್ತಾರೆ. ನಿಮ್ಮ ಮಾತು ಕೇಳ್ಕೊಂಡು ಕಾದಿರೋರು ಅವ್ರೆಲ್ಲ. ನಾನು ಒಬ್ರಿಗೂ ಏಳಿಲ್ಲ ಸಾರ್. ಏಳಿದ್ರೆ ನಮ್ಗೇ ಲಾಸು. ಅಲ್ಲೇ ಇರ್ಲಿ ಬಿಡಿ."

ಅಂದರೆ ಇಷ್ಟು ದಿನ ನಾನು ಅವನಿಂದ ಬಚ್ಚಿಟ್ಟದ್ದನ್ನು ಅವನು ನನ್ನ ರಸ್ತೆಯಿಂದ ಬಚ್ಚಿಟ್ಟಿದ್ದ. ಅಷ್ಟರಲ್ಲಿ ಎದುರು ಮನೆಯವರು ಹೊರಗೆ ಬಂದು, ವಿಷಯ ತಿಳಿದು, "ನೀವು ಹೇಳಿದ್ದು ನಿಜ ಆಯ್ತು ಕಣ್ರೀ. ಕಾದದ್ದು ಒಳ್ಳೇದಾಯ್ತು. ನಿಮ್ಮಂಥೋರು ಒಬ್ರು ಇರ್ಬೇಕು" ಎಂದರು. ಅವನು ತಲೆ ತಗ್ಗಿಸಿ, "ಊಂ ಸಾರ್, ಇವರಿಂದ್ಲೇ" ಎಂದ. ಅದರಲ್ಲಿ ವ್ಯಂಗ್ಯವಿತ್ತೇ ಎಂದು ಅವನ ಮುಖ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ವಾರದೊಳಗೆ ರಸ್ತೆಯ ಹೆಚ್ಚಿನ ಮನೆಗಳು ಅವನ ಎಚ್‌ಡಿ ಹಾಕಿಸಿಕೊಂಡವು. ಡಿಶ್ಶಿನ ವೈರನ್ನು ನಾನೇ ಕಿತ್ತು ಸುತ್ತಿಟ್ಟೆ, ಡಿಶ್ಶನ್ನು ಮುಟ್ಟಲಿಲ್ಲ. ಅಮ್ಮ ಈಗಲೂ ಊಟ ಮುಗಿಸಿ ಫೋನು ಹಚ್ಚುತ್ತಾಳೆ, ಅವನು ಈಗಲೂ ಸಿನಿಮಾ ಹಾಕುತ್ತಾನೆ. ಬೆಳಿಗ್ಗೆ ನಾನು ನೀರು ನೋಡಲು ತಾರಸಿಗೆ ಹೋಗುವ ಹೊತ್ತಿಗೇ ಅವನೂ ತನ್ನ ಮಾಳಿಗೆಯ ಮೇಲೆ ಬಂದಿರುತ್ತಾನೆ. ನನ್ನನ್ನು ಕಂಡರೆ ಕೈ ಎತ್ತುತ್ತಾನೆ. ನಾನೂ ಎತ್ತಬೇಕು, ಅದಕ್ಕೆ ಟ್ಯಾಂಕಿನ ಹಿಂದಕ್ಕೆ ಹೋಗಿ ಆ ಡಿಶ್ಶಿನ ಪಕ್ಕದಲ್ಲೇ ನಿಲ್ಲಬೇಕು. ನಿಂತು ಎತ್ತುತ್ತೇನೆ.