ಶ್ರಾವಣದಲ್ಲಿ ಕಿತ್ತ ಕದಿರು

ನನ್ನ ಗಂಡ ಚಿಕ್ಕರಂಗಯ್ಯ ಗುಬ್ಬಿಯಿಂದ ಕುಣಿಗಲ್ಲಿಗೆ ಹೋಗೋ ಪ್ರೈವೇಟ್ ಬಸ್ಸಿನ ಕಂಡಕ್ಟರ್. ತುಮಕೂರಿನ ಮರಳೂರಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಒಂದೇ ಒಂದು ಜೇನುಪೆಟ್ಟಿಗೆ ಇಟ್ಟಿದ್ದರು. ಅದರ ಮುಂದೆ ಅವರಿಗೆ ನಾನೂ ಇಲ್ಲ, ಬಸ್ಸೂ ಇಲ್ಲ.

ಬಸ್ ನಿಂತ ಕಡೆ ಇಳಿದು ಯಾರದೋ ಹೂವಿನ ಗಿಡದ ಹತ್ತಿರ ನಿಂತ್ಕೊಳ್ಳೋರು. ಜೇನು ಬಂದು ಕೂತರೆ ಬೀಜವೋ ಸಸಿಯೋ ಕೇಳಿ ತರೋರು. ಕೂರದಿದ್ದರೆ ಎಷ್ಟು ಚೆಂದದ ಹೂವಾದರೂ ಬೇಡ. ಎಸಳು ಒತ್ತೊತ್ತಾಗಿರೋ ದಾಸವಾಳಕ್ಕೆ ನಾನು ಆಸೆಪಟ್ಟೆ. ಬೇಡ ಅಂದರು. ಸಸಿ ಹಿಡ್ಕೊಂಡು ಬಸ್ ಹತ್ತಿದರೆ ಜನ ರೇಗಿಸೋರು.

“ಏನ್ ಕಂಡಕ್ಟ್ರೇ, ಅದಕ್ಕೂ ಟಿಕೆಟ್ ಹರಿದ್ರಾ?”

“ಕೈಗೂಸು ಕಣ್ರಪ್ಪಾ, ಫ್ರೀ.”

ಜೇನಿಗೆ ಅಂತ ಚಳಿಗಾಲಕ್ಕೆ ನುಗ್ಗೆ ಹೂವು. ಬೇಸಿಗೆಗೆ ಬೀದಿಬದಿಯ ಹೊಂಗೆ. ದೀಪಾವಳಿ ಹೊತ್ತಿಗೆ ಪಕ್ಕದ ಖಾಲಿ ಸೈಟಲ್ಲಿ ಹುಚ್ಚೆಳ್ಳು. ಮಳೆಗಾಲಕ್ಕೆ ಮಾತ್ರ ಏನೂ ಇರಲಿಲ್ಲ. ಅದಕ್ಕೇ ಗೋಡೆಯುದ್ದಕ್ಕೂ ತುಳಸಿ ಹಾಕಿದರು.

1997ರ ಶ್ರಾವಣ. ಕುಣಿಗಲ್ಲಲ್ಲಿ ಅವರ ಅಣ್ಣ ಕಾಲು ಮುರ್ಕೊಂಡು ಮಲಗಿದ್ದರು. ನೋಡ್ಕೊಳ್ಳೋಕೆ ತಿಂಗಳು ರಜ ಹಾಕಿ ಹೊರಟರು. ಬಾಗಿಲಲ್ಲಿ ನಿಂತು, “ಭದ್ರಾ, ಕದಿರು ಮುರೀಬ್ಯಾಡ ಕಣೇ. ಈ ತಿಂಗಳು ಅವಕ್ಕೆ ಅದೇ ಊಟ” ಅಂದರು.

ಕದಿರು ಅಂದರೆ ತುಳಸಿಯ ಹೂತೆನೆ. ಅದನ್ನ ಗಿಡದ ಮೇಲೆ ಬಿಡಬಾರದು, ತುಳಸಮ್ಮನಿಗೆ ಭಾರ ಅಂತ ನಮ್ಮವ್ವ ಕಲಿಸಿದ್ದಳು. ಶ್ರಾವಣ ಶನಿವಾರ ಬೇರೆ. ಕದಿರು ಸಮೇತ ಕಿತ್ತು, ಮಾರುದ್ದ ಹಾರ ಕಟ್ಟಿ ವೆಂಕಟರಮಣನ ಗುಡಿಗೆ ಕೊಟ್ಟೆ. ಪೂಜಾರಪ್ಪ ಎಲ್ಲರ ಮುಂದೆ, “ಹಾರ ಅಂದ್ರೆ ಭದ್ರಮ್ಮಂದು” ಅಂದರು. ನಾನು ಉಬ್ಬಿಹೋದೆ. ನಾಲ್ಕು ಶನಿವಾರವೂ ಕೊಟ್ಟೆ. ಒಂದು ಕದಿರೂ ಉಳಿಸಲಿಲ್ಲ.

ತಿಂಗಳಾದ ಮೇಲೆ ಅವರು ಕುಣಿಗಲ್ಲಿಂದ ಬಂದವರೇ ಪೆಟ್ಟಿಗೆ ಮುಚ್ಚಳ ತೆಗೆದರು. ಬರೀ ಒಣಗಿದ ಮೇಣದ ಎರಿ. ಜೇನು ಹಾರಿಹೋಗಿದ್ದವು. ತುಳಸಿ ಕಡೆ ನೋಡಿದರು.

“ಕದಿರೇ ಇಲ್ವಲ್ಲೇ?”

“ಮಳೆಗೆ ಉದುರೋಯ್ತು” ಅಂದೆ.

ನಂಬಿದರು. ಮುಚ್ಚಳ ಹಾಕಿದರು. “ತಪ್ಪು ನಂದೇ ಬುಡು. ಬೇಸಿಗೇಲಿ ಜೇನುತುಪ್ಪ ಜಾಸ್ತಿ ತೆಗೆದ್ಬುಟ್ಟೆ, ಮಳೆಗಾಲಕ್ಕೆ ಅವಕ್ಕೆ ಉಳಿಸ್ಲಿಲ್ಲ. ಹೊಟ್ಟೆಗಿಲ್ದೆ ಹೋಗವೆ” ಅಂದರು.

ಮತ್ತೆ ಜೇನು ಸಾಕಲಿಲ್ಲ. ಗಿಡ ಮಾತ್ರ ಬಿಡಲಿಲ್ಲ, ಯಾರ ಜೇನಿಗಾದರೂ ಆಗಲಿ ಅನ್ನೋರು. “ಆಸೆಬುರುಕನ ಮನೇಲಿ ಜೇನು ನಿಲ್ಲಲ್ಲ” ಅಂತ ಬಸ್ಸಲ್ಲಿ ತಾವೇ ಹೇಳ್ಕೊಂಡು ನಗೋರು. ಪಕ್ಕದ ಮನೆ ಮಂಜುಳಮ್ಮ, “ಎಷ್ಟು ತುಪ್ಪ ನುಂಗಿದ್ರಿ ಕಂಡಕ್ಟ್ರೇ?” ಅಂತ ಕೇಳಿದಾಗ ನಾನೂ ನಕ್ಕಿದೀನಿ.

2006ರಲ್ಲಿ ಎದೆನೋವು ಬಂದು ತೀರ್ಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಅವರ ಬಸ್ಸಿನ ಡ್ರೈವರ್ ಪುಟ್ಟರಂಗಯ್ಯ ಬಂದಿದ್ದರು. ಎಲೆ ಮುಂದೆ ಕೂತು, “ಬಂಗಾರದಂಥ ಮನುಷ್ಯ. ಜೇನುತುಪ್ಪದ ಆಸೆ ಒಂದಿತ್ತು ಪಾಪ” ಅಂದರು. ಪಂಕ್ತಿಯಲ್ಲಿ ನಾಲ್ಕು ಜನ ನಕ್ಕರು.

ಮೂಲೇಲಿ ಕೂತಿದ್ದೋಳು ಎದ್ದು ಬಂದೆ.

“ಅವರಿಗೆ ಆಸೆ ಇರಲಿಲ್ಲ. ಕದಿರು ಕಿತ್ತೋಳು ನಾನು. ಮಳೆ ಅಂತ ಸುಳ್ಳು ಹೇಳಿದೋಳೂ ನಾನು.”

“ಬುಡಕ್ಕಾ, ಈಗ್ಯಾಕೆ ಅದೆಲ್ಲ” ಅಂದರು ಪುಟ್ಟರಂಗಯ್ಯ. ಯಾರೋ ಸಾರು ಬಡಿಸಿದರು. ಊಟ ಮುಂದುವರೀತು.

ಆಸೆಬುರುಕ ಅನ್ನೋದು ಒಂಬತ್ತು ವರ್ಷ ಬಸ್ಸಲ್ಲಿ ಓಡಾಡಿದ ಮಾತು. ಒಂದು ಪಂಕ್ತಿಗೆ ಹೇಳಿದರೆ ಹೋಗಲ್ಲ. ಅದಕ್ಕೇ ಬರೆದಿದೀನಿ. ಓದಿದೋರು ಯಾರಾದರೂ ಕುಣಿಗಲ್ ಬಸ್ ಹತ್ತಿದರೆ ಅಲ್ಲಿ ಹೇಳಿ.